ಕೊನೆಯ ಮೂವತ್ತು ಡಿಗ್ರಿ

ಜೆ.ಪಿ. ನಗರದ ಮಗ್ಗುಲಿನ ರಾಗಿಗುಡ್ಡದ ಮೆಟ್ಟಿಲು ಹತ್ತುವುದಕ್ಕೆ ಮಂಡಿ ಸುಮಾರು 90 ಡಿಗ್ರಿ ಮಡಚಿದರೆ ಸಾಕು. ಇಳಿಯುವಾಗ ತುಸು ಹೆಚ್ಚು ಬೇಕಾದೀತು. ಸಮತಟ್ಟಾದ ರಸ್ತೆಯ ನಡಿಗೆಗಂತೂ 60ರಿಂದ 70 ಡಿಗ್ರಿ ಧಾರಾಳ. ಆದರೆ ಮೇಲೆ ಹನುಮಂತನಿಗೆ ಕೈಮುಗಿದು ಐದು ನಿಮಿಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕೆಂದರೆ ಲೆಕ್ಕವೇ ಬೇರೆ. ಕಾಲು ನೆಟ್ಟಗೆ ಚಾಚಿದ್ದಾಗ ಸೊನ್ನೆ, ಕುರ್ಚಿಯಲ್ಲಿ ಕೂತಾಗ 90, ಹಿಮ್ಮಡಿ ಪಿರ್ರೆಗೆ ತಾಗಿದಾಗ 150ರ ಆಚೀಚೆ: ಮಂಡಿಯನ್ನು ಅಳೆಯುವ ರೀತಿ ಇದು. ಲಿಗಮೆಂಟ್ ಆಪರೇಷನ್ ಆಗಿ ಕೆಲವು ತಿಂಗಳು ಕಳೆದು 120 ಡಿಗ್ರಿಗೆ ಬಂದವರಿಗೆ ‘ಇಷ್ಟು ಸಾಕು, ನಡೆಯೋಕೆ ತೊಂದರೆ ಇಲ್ವಲ್ಲ’ ಎನ್ನುವ ಸಮಾಧಾನ ಸಿಗುವುದುಂಟು. ನಡೆಯಲು ತೊಂದರೆಯಿಲ್ಲ, ನಿಜ. ಆದರೆ ಪೂಜೆಗೆ ಮಣೆ ಹಾಕಿದಾಗ, ಪಂಕ್ತಿಯಲ್ಲಿ ಎಲೆ ಹಾಕಿದಾಗ, ಊರಿನ ಮನೆಯ ಶೌಚಾಲಯಕ್ಕೆ ಹೋದಾಗ, ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ರಂಗೋಲಿ ಎಳೆಯಹೊರಟಾಗ ಉಳಿದ ಮೂವತ್ತು ಡಿಗ್ರಿಯ ಬೆಲೆ ತಿಳಿಯುತ್ತದೆ. ಆ ಮೂವತ್ತು ಡಿಗ್ರಿ ನಮ್ಮ ಬದುಕಿಗೆ ಬೇಕೇ ಬೇಕಾದದ್ದು, ಬಹುಪಾಲು ಜನರಿಗೆ ದಕ್ಕುವಂಥದ್ದೂ ಹೌದು. ಅದನ್ನು ಕಳೆದುಕೊಳ್ಳುವವರು ಸಾಮಾನ್ಯವಾಗಿ ಎರಡು ದಾರಿಯಲ್ಲಿ ಕಳೆದುಕೊಳ್ಳುತ್ತಾರೆ. ಒಂದು ಹೆದರಿ, ಇನ್ನೊಂದು ಅವಸರಪಟ್ಟು.

‘ಸಾಕು’ ಎನ್ನುವ ಅಂಕಿ ಎಲ್ಲಿಂದ ಬಂತು? 2000ದಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ಜನರ ಮಂಡಿಗೆ ಅಳತೆಯ ಸಾಧನ ಕಟ್ಟಿ, ಅವರು ನಡೆಯುವಾಗ, ಮೆಟ್ಟಿಲು ಹತ್ತಿಳಿಯುವಾಗ, ಕುರ್ಚಿಯಿಂದ ಏಳುವಾಗ ಎಷ್ಟು ಮಡಚುತ್ತಾರೆಂದು ದಾಖಲಿಸಿದರು. ದೈನಂದಿನ ಬದುಕಿಗೆ 110 ಡಿಗ್ರಿ ಗುರಿ ಸಾಕೆಂಬುದು ಅವರ ತೀರ್ಮಾನ. ಅವರ ಬದುಕಿನ ಮಟ್ಟಿಗೆ ಅದು ಸರಿಯೇ, ಕುರ್ಚಿ, ಮಂಚ, ಕಮೋಡುಗಳ ನಡುವೆ ಹಗಲು ಕಳೆಯುವವರಿಗೆ ಇನ್ನೇನು ಬೇಕು? ಮರುವರ್ಷವೇ, 2001ರಲ್ಲಿ, ಪಾಶ್ಚಾತ್ಯೇತರ ಸಮಾಜಗಳ ಕೂರುವ ರೀತಿಗಳನ್ನು ಪರಿಶೀಲಿಸಿದ ಮಲ್‌ಹಾಲಂಡ್ ಮತ್ತು ವಿಸ್ ಎಂಬ ಸಂಶೋಧಕರು ಕುಕ್ಕರಗಾಲು, ಚಕ್ಕಳಮಕ್ಕಳ, ಮಂಡಿಯೂರಿ ಕೂರುವ ಭಂಗಿಗಳಿಗೆ 111ರಿಂದ 165 ಡಿಗ್ರಿಯವರೆಗೆ ಬೇಕಾಗುತ್ತದೆಂದು ತೋರಿಸಿದರು. ಒಬ್ಬರ ಗುರಿ ಮುಗಿಯುವಲ್ಲಿ ಇನ್ನೊಬ್ಬರ ಅಗತ್ಯ ಶುರುವಾಗುತ್ತದೆ. ದಕ್ಷಿಣ ಬೆಂಗಳೂರಿನ ಮನೆಗಳಿಗೂ ಕಮೋಡು ಬಂದಿದೆ, ಡೈನಿಂಗ್ ಟೇಬಲ್ ಬಂದಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಟೇಬಲ್ ಬಂದ ಮನೆಯಲ್ಲೂ ಸತ್ಯನಾರಾಯಣ ಪೂಜೆ ನಡೆಯುವುದು ನೆಲದ ಮೇಲೆ, ಮಗುವಿನ ಜೊತೆ ಆಡುವುದೂ ನೆಲದ ಮೇಲೆ. ಆಪರೇಷನ್ ಆಗುವವರಲ್ಲಿ ಹೆಚ್ಚಿನವರು ಇಪ್ಪತ್ತು, ಮೂವತ್ತರ ಪ್ರಾಯದವರು. ಇನ್ನು ನಲವತ್ತು ವರ್ಷ ತಾನು ನೆಲಕ್ಕೆ ಕೂರಬೇಕಾಗಿಲ್ಲ ಎಂದು ಆ ವಯಸ್ಸಿನಲ್ಲಿ ಯಾರು ಬರೆದುಕೊಟ್ಟಾರು?

ಮಂಡಿಯೊಳಗೆ, ತೊಡೆಮೂಳೆಗೂ ಕಣಕಾಲ ಮೂಳೆಗೂ ನಡುವೆ, ಕತ್ತರಿಯಾಕಾರದಲ್ಲಿ ಎರಡು ಹುರಿಗಳು, ಅಂದರೆ ಲಿಗಮೆಂಟುಗಳು, ಇವೆ. ಮುಂದಿನದು ಸುಮಾರು 3 ಸೆಂಟಿಮೀಟರ್ ಉದ್ದದ್ದು. ‘ಎಸಿಎಲ್’ ಎಂದು ಎಲ್ಲರ ಬಾಯಲ್ಲೂ ಓಡಾಡುವುದು ಇದೇ. ಓಡುತ್ತಿದ್ದವರು ಗಕ್ಕನೆ ತಿರುಗಿದಾಗ, ಕಬಡ್ಡಿಯಲ್ಲಿ ಕಾಲು ಸಿಕ್ಕಿಕೊಂಡಾಗ, ಸ್ಕೂಟರು ಜಾರಿ ಕಾಲು ತಿರುಚಿದಾಗ ಇದು ಹರಿಯುತ್ತದೆ. ಹರಿದದ್ದನ್ನು ಹೊಲಿದರೆ ಬಹುತೇಕ ನಿಲ್ಲದು. ಆದ್ದರಿಂದ ರೋಗಿಯದೇ ತೊಡೆಯ ಹಿಂಭಾಗದ ಸ್ನಾಯುರಜ್ಜುವನ್ನೋ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯನ್ನೋ ತೆಗೆದು, ಮೂಳೆಯಲ್ಲಿ ಸುರಂಗ ಕೊರೆದು, ಅಲ್ಲಿ ನಾಟಿ ಹಾಕುತ್ತಾರೆ. ಜಯನಗರದ ಒಂದನೇ ಬ್ಲಾಕಿನಲ್ಲಿ ಜನ ಸಂಜಯ್ ಗಾಂಧಿ ಆಸ್ಪತ್ರೆ ಎಂದೇ ಕರೆಯುವ ಸರ್ಕಾರಿ ಸಂಸ್ಥೆ ಇರುವುದೇ ಮೂಳೆ ಮತ್ತು ಅಪಘಾತದ ಚಿಕಿತ್ಸೆಗೆ. ಖಾಸಗಿ ಆಸ್ಪತ್ರೆಗಳಿಗಂತೂ ಈ ಭಾಗದಲ್ಲಿ ಬರವಿಲ್ಲ. ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮಡಚುವ ಕೆಲಸಕ್ಕೆ ಮಾತ್ರ ತಿಂಗಳುಗಳು ಬೇಕು, ಅದರ ಬಹುಭಾಗ ನಡೆಯುವುದು ಮನೆಯಲ್ಲಿ, ಡಾಕ್ಟರು ಎದುರಿಗಿಲ್ಲದಾಗ.

ಮೊದಲು ಹೆದರಿಕೆಯ ಮಾತು. ಪೆಟ್ಟಾದ ಅಂಗವನ್ನು ಅಲ್ಲಾಡಿಸಬಾರದು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಬೆಂಗಳೂರಿನ ಬೀದಿಗಳಲ್ಲಿ ಕಾಣುವ, ಮೂಳೆ ಕಟ್ಟುವವರ ‘ಪುತ್ತೂರು ಕಟ್ಟು’ ಬೋರ್ಡುಗಳ ಹಿಂದಿರುವುದೂ ಇದೇ. ಮೂಳೆ ಮುರಿದಾಗ ಅಲುಗಾಡದಂತೆ ಇಡುವುದರಲ್ಲಿ ಅರ್ಥವಿದೆ. ಈ ನಂಬಿಕೆಯನ್ನು ಹಳ್ಳಿಯ ಅಜ್ಞಾನವೆಂದು ನಗುವವರು ಒಂದು ವಿಷಯ ತಿಳಿದಿರಬೇಕು: 1980ರ ದಶಕದವರೆಗೆ ಅಮೆರಿಕದ ಶಸ್ತ್ರವೈದ್ಯರೂ ಲಿಗಮೆಂಟ್ ಕೂರಿಸಿದ ಮೇಲೆ ಕಾಲಿಗೆ ವಾರಗಟ್ಟಲೆ ಪ್ಲಾಸ್ಟರ್ ಹಾಕುತ್ತಿದ್ದರು. ಪ್ಲಾಸ್ಟರ್ ಬಿಚ್ಚಿದಾಗ ನಾಟಿ ಗಟ್ಟಿಯಾಗಿರುತ್ತಿತ್ತು, ಅದರ ಜೊತೆಗೆ ಮಂಡಿಯೂ ಮರಗಟ್ಟಿರುತ್ತಿತ್ತು. ಇಂಡಿಯಾನಾಪೊಲಿಸ್‌ನ ವೈದ್ಯ ಡೊನಾಲ್ಡ್ ಶೆಲ್‌ಬೋರ್ನ್ ಗಮನಿಸಿದ್ದು ಒಂದು ವಿಚಿತ್ರ. ತಮ್ಮ ಮಾತು ಕೇಳದ, ಹೇಳಿದ್ದಕ್ಕಿಂತ ಬೇಗ ಕಾಲೂರಿ ಓಡಾಡಿದ ರೋಗಿಗಳೇ ವಿಧೇಯರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದರು, ನಾಟಿಯೂ ಸಡಿಲವಾಗಿರಲಿಲ್ಲ. ಆ ಅವಿಧೇಯರಿಂದ ಕಲಿತದ್ದನ್ನು ಅವರು 1990ರಲ್ಲಿ ಪಾಲ್ ನಿಟ್ಜ್ ಜೊತೆ ಪ್ರಕಟಿಸಿದರು. ಆಪರೇಷನ್ ಆದ ಮೊದಲ ದಿನಗಳಿಂದಲೇ ಮಂಡಿಯನ್ನು ಅಲ್ಲಾಡಿಸುವ ಪದ್ಧತಿ ಜಗತ್ತಿನಲ್ಲೆಲ್ಲ ನೆಲೆಯೂರಿದ್ದು ಆ ಬಳಿಕ.

‘ಮಡಚಿದರೆ ಒಳಗೆ ಹಾಕಿದ್ದು ಕಿತ್ತುಬಂದರೆ?’ ಎಂಬ ಪ್ರಶ್ನೆಗೆ ಇನ್ನೂ ನೇರವಾದ ಉತ್ತರವಿದೆ. ವರ್ಮಾಂಟ್ ವಿಶ್ವವಿದ್ಯಾಲಯದ ಬ್ರೂಸ್ ಬೆನಾನ್ ಮತ್ತು ಸಂಗಡಿಗರು ಎಚ್ಚರದಲ್ಲಿರುವ ಜನರ ಮಂಡಿಯೊಳಗೆ, ಲಿಗಮೆಂಟಿನ ಮೇಲೆಯೇ, ಪುಟ್ಟ ಸಂವೇದಕವನ್ನಿಟ್ಟು ಯಾವ ವ್ಯಾಯಾಮದಲ್ಲಿ ಅದು ಎಷ್ಟು ಎಳೆಯಲ್ಪಡುತ್ತದೆಂದು ಅಳೆದರು. 1995ರಲ್ಲಿ ಪ್ರಕಟವಾದ ಆ ಅಳತೆಗಳ ಪ್ರಕಾರ, ಬೇರೆಯವರು ಹಿಡಿದು ಮೆಲ್ಲನೆ ಮಂಡಿ ಮಡಚಿದಾಗ ಲಿಗಮೆಂಟಿನ ಮೇಲೆ ಎಳೆತ ಇಲ್ಲವೆನ್ನುವಷ್ಟು ಕಡಿಮೆ. ಎಳೆತ ಹೆಚ್ಚುವುದು ಕಾಲು ಬಹುತೇಕ ನೆಟ್ಟಗಿದ್ದಾಗ, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿದಾಗ. ಅಂದರೆ ಜನ ಹೆದರುವುದು ಒಂದು ಕಡೆ, ಅಪಾಯ ಇರುವುದು ಇನ್ನೊಂದು ಕಡೆ. ನಾಟಿ ಮೊದಲ ಮೂರು ತಿಂಗಳಲ್ಲಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತ ತಾತ್ಕಾಲಿಕವಾಗಿ ದುರ್ಬಲವಾಗುತ್ತದೆ. ಆಗ ಓಟ, ಜಿಗಿತ, ತಿರುಗುವಿಕೆ ನಿಷಿದ್ಧವಾಗಲು ಕಾರಣ ಅದು. ಮಲಗಿ ಮಂಡಿ ಮಡಚುವುದು ಆ ಪಟ್ಟಿಯಲ್ಲಿಲ್ಲ. ಮಡಚುವುದು ಬೇರೆ, ಮಡಚಿದ ಮಂಡಿಯ ಮೇಲೆ ಇಡೀ ದೇಹದ ಭಾರ ಹೇರುವುದು ಬೇರೆ. ಮೊದಲನೆಯದು ಬೇಗ ಶುರುವಾಗಬೇಕು, ಎರಡನೆಯದು ತಡವಾಗಿ. ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

ಹಾಗಾದರೆ ಮಡಚಲು ಬಿಡದಿರುವುದು ಯಾವುದು? ಮೊದಲನೆಯದು ನೀರು. ಆಪರೇಷನ್ ಆದ ಮಂಡಿ ಊದಿಕೊಳ್ಳುತ್ತದೆ. 1984ರ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಮಂಡಿಗೆ 20–30 ಮಿಲಿಲೀಟರ್ ದ್ರವ ಸೇರಿಸಿದ್ದಷ್ಟಕ್ಕೇ ತೊಡೆಯ ಒಳಬದಿಯ ಸ್ನಾಯು ಮಂಕಾಗಿಬಿಟ್ಟಿತು. ನಮ್ಮ ದರ್ಶಿನಿಗಳ ಬೈ-ಟು ಕಾಫಿಯ ಲೋಟದಲ್ಲಿ ಅರ್ಧದಷ್ಟು, ಅಷ್ಟೇ. ಸ್ನಾಯು ಸತ್ತಿರುವುದಿಲ್ಲ, ನರವ್ಯೂಹ ಅದಕ್ಕೆ ಹೋಗುವ ಅಪ್ಪಣೆಯನ್ನು ತಡೆದಿರುತ್ತದೆ. ಎರಡನೆಯದು ಅಂಟು. ಮಂಡಿಚಿಪ್ಪಿನ ಮೇಲ್ಗಡೆ ಮಡಿಕೆ ಬಿದ್ದ ಚೀಲದಂಥ ಪೊರೆಯಿದೆ. ಕಾಲು ಪೂರ್ತಿ ಮಡಚುವಾಗ ಚಿಪ್ಪು ಸುಮಾರು 7 ಸೆಂಟಿಮೀಟರ್ ಕೆಳಕ್ಕೆ ಜಾರುತ್ತದೆ, ಆಗ ಆ ಚೀಲ ಬಿಚ್ಚಿಕೊಳ್ಳಬೇಕು. ವಾರಗಟ್ಟಲೆ ಕಾಲು ಆಡಿಸದಿದ್ದರೆ ಪದರಗಳು ಒಂದಕ್ಕೊಂದು ಅಂಟಿಕೊಂಡು ಚಿಪ್ಪು ಜಾರುವುದಿಲ್ಲ. ಮೂರನೆಯದು ದಿಂಬು, ಮೂರರಲ್ಲೂ ಮೋಸಗಾರ ಅದೇ. ಊದಿದ ಮಂಡಿಗೆ ಅರೆ ಬಾಗಿದ ಸ್ಥಿತಿಯೇ ಹಿತ. ಮನೆಯವರು ಅಕ್ಕರೆಯಿಂದ ಮಂಡಿಯ ಕೆಳಗೆ ದಿಂಬಿಡುತ್ತಾರೆ. ಹಾಗೆ ಮಲಗಿದವರ ಕಾಲು ಪೂರ್ತಿ ನೆಟ್ಟಗಾಗುವುದೇ ನಿಂತುಹೋಗುತ್ತದೆ. ದಿಂಬು ಇಡಲೇಬೇಕಿದ್ದರೆ ಹಿಮ್ಮಡಿಯ ಕೆಳಗಿಡಬೇಕು. ಮಡಚುವ ವಿಷಯದಲ್ಲಿ ಚಾಚುವ ಮಾತೇಕೆ ಎಂದರೆ, ಬಹುಕಾಲ ರೋಗಿಗಳನ್ನು ಹಿಂಬಾಲಿಸಿದ ಶೆಲ್‌ಬೋರ್ನ್ ಅವರ ದಾಖಲೆಗಳಲ್ಲಿ ಮೂರರಿಂದ ಐದು ಡಿಗ್ರಿ ಚಾಚುವಿಕೆ ಕಡಿಮೆಯಾದವರ ಫಲಿತಾಂಶವೂ ಕೆಟ್ಟಿತ್ತು. ಮೊದಲು ಸೊನ್ನೆಗೆ ಬರಬೇಕು, 150ರ ಮಾತು ಆಮೇಲೆ.

ಇನ್ನು ಅವಸರ. ‘ಒಂದೇ ಸಲ ಜೋರಾಗಿ ಒತ್ತಿಬಿಡಿ, ಬಿಟ್ಟುಹೋಗುತ್ತೆ’ ಎನ್ನುವ ಸಲಹೆ ಕೊಡಲು ಎಲ್ಲರೂ ಸಿದ್ಧ. ಗಟ್ಟಿಯಾಗಿ ನೀವಿಸುವವರೂ ಇದ್ದಾರೆ. ಒತ್ತಿದ ದಿನ ಹತ್ತು ಡಿಗ್ರಿ ಸಿಕ್ಕೀತು. ರಾತ್ರಿ ಮಂಡಿ ಬಿಸಿಯಾಗಿ ಊದಿಕೊಂಡು, ಮಾರನೆಯ ದಿನ ಹದಿನೈದು ಡಿಗ್ರಿ ವಾಪಸು ಹೋಗುತ್ತದೆ. ಊತವೇ ಅಂಟಿನ ತಾಯಿ. ಶೆಲ್‌ಬೋರ್ನ್ 1991ರಲ್ಲಿ ತೋರಿಸಿದ ಇನ್ನೊಂದು ಸಂಗತಿ ಇದಕ್ಕೆ ಪೂರಕ: ಪೆಟ್ಟಾದ ಮೊದಲ ವಾರದಲ್ಲೇ, ಮಂಡಿ ಇನ್ನೂ ಕೆರಳಿರುವಾಗ ಆಪರೇಷನ್ ಮಾಡಿಸಿಕೊಂಡವರಲ್ಲಿ ಬಿಗಿತ ಹೆಚ್ಚು, ಮೂರು ವಾರವಾದರೂ ಕಾದು, ಊತ ಇಳಿದ ಮೇಲೆ ಮಾಡಿಸಿಕೊಂಡವರಲ್ಲಿ ಕಡಿಮೆ. ರಜೆ ಸಿಕ್ಕಿದೆಯೆಂದು ಆಪರೇಷನ್ ದಿನ ಹಿಂದಕ್ಕೆಳೆಯುವವರು ಇದನ್ನು ಯೋಚಿಸಬೇಕು. ಬೇಕಾದದ್ದು ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಹತ್ತು ನಿಮಿಷ, ನೋವು ಸಹಿಸುವ ಮಟ್ಟದಲ್ಲಿ. ಹಿಮ್ಮಡಿ ಜಾರಿಸುವ ವ್ಯಾಯಾಮಕ್ಕೆ ಜಯನಗರದ ಹಳೆಯ ಮನೆಗಳ ರೆಡ್‌ಆಕ್ಸೈಡ್ ನೆಲದಷ್ಟು ನುಣುಪಾದ ಉಪಕರಣ ಯಾವ ಕ್ಲಿನಿಕ್ಕಿನಲ್ಲೂ ಇಲ್ಲ. ಟೈಲ್ಸ್ ನೆಲವಾದರೆ ಹಿಮ್ಮಡಿಯ ಕೆಳಗೊಂದು ಪ್ಲಾಸ್ಟಿಕ್ ಕವರು. ಪಾದಕ್ಕೆ ಪಂಚೆಯನ್ನೋ ಬೆಡ್‌ಶೀಟನ್ನೋ ಸುತ್ತಿ ಕೈಯಿಂದ ಎಳೆದುಕೊಳ್ಳಬಹುದು. ಹಿಮ್ಮಡಿಗೂ ಪಿರ್ರೆಗೂ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮನಸ್ಸಿಗೆ ಕಾಣದ ಪ್ರಗತಿ ಕಣ್ಣಿಗೆ ಕಾಣುತ್ತದೆ. ಸ್ಥೂಲವಾಗಿ, ಎರಡು ವಾರದ ಹೊತ್ತಿಗೆ 90, ಆರು ವಾರಕ್ಕೆ 120ರ ಸುತ್ತಮುತ್ತ, ಕೊನೆಯ ಮೂವತ್ತಕ್ಕೆ ನಾಲ್ಕರಿಂದ ಆರು ತಿಂಗಳು. ಆರು ವಾರ ಕಳೆದರೂ 90 ದಾಟದಿದ್ದರೆ ತಾಳ್ಮೆಯ ಪಾಠ ಹೇಳಿಕೊಳ್ಳುತ್ತ ಕೂರದೆ ಶಸ್ತ್ರವೈದ್ಯರಿಗೆ ತೋರಿಸಬೇಕು, ಅಂಟು ಬಿಡಿಸುವ ದಾರಿಗಳು ಅವರಲ್ಲಿವೆ. ಮೀನಖಂಡದಲ್ಲಿ ನೋವು, ಊತ ಅಥವಾ ಜ್ವರ ಕಂಡರೆ ಅದೇ ದಿನ.

ಎಲ್ಲ ಮಂಡಿಗೂ ಒಂದೇ ಲೆಕ್ಕವಲ್ಲ. ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದು ಅದನ್ನೂ ಹೊಲಿದಿದ್ದರೆ ನಾಲ್ಕಾರು ವಾರ 90 ದಾಟದಂತೆ ಹೇಳುವುದುಂಟು, ಅಂಥವರು ಪಕ್ಕದ ಮನೆಯವರ ಕ್ಯಾಲೆಂಡರು ನೋಡಿ ಕೊರಗಬಾರದು. ತೊಡೆಯ ಹಿಂದಿನ ರಜ್ಜು ತೆಗೆಸಿಕೊಂಡವರಿಗೆ ಇನ್ನೊಂದು ಒಗಟು ಎದುರಾಗುತ್ತದೆ. ಬೋರಲು ಮಲಗಿ ಕೈಯಿಂದ ಎಳೆದರೆ ಹಿಮ್ಮಡಿ ಪಿರ್ರೆಗೆ ತಾಗುತ್ತದೆ, ಕೈ ಬಿಟ್ಟು ತಾನಾಗಿ ಮಡಚಹೋದರೆ ಮೊದಲೇ ನಿಲ್ಲುತ್ತದೆ. ಇದು ಬಿಗಿತವಲ್ಲ. ಆಳವಾಗಿ ಮಡಚುವ ಕೆಲಸ ಮಾಡುತ್ತಿದ್ದ ರಜ್ಜುವನ್ನೇ ತೆಗೆದಿರುವುದರಿಂದ ಬಲ ಕುಗ್ಗಿರುತ್ತದೆ, ಅಷ್ಟೆ. ಆ ರಜ್ಜು ಅನೇಕರಲ್ಲಿ ಮತ್ತೆ ಬೆಳೆಯುತ್ತದೆ. ವೈದ್ಯರೇ ಅದನ್ನು ಹಲ್ಲಿಯ ಬಾಲಕ್ಕೆ ಹೋಲಿಸುತ್ತಾರೆ.

ಪೂರ್ತಿ ಮಡಚುವುದು ಸಾಧ್ಯ ಎನ್ನಲು ಬೆಂಗಳೂರಿನಲ್ಲೇ ಎದ್ದುಕಾಣುವ ಉದಾಹರಣೆಯಿದೆ. 2022ರ ಡಿಸೆಂಬರ್ 30ರಂದು ರೂರ್ಕಿ ಬಳಿ ಕಾರು ಅಪಘಾತದಲ್ಲಿ ಕ್ರಿಕೆಟಿಗ ರಿಷಭ್ ಪಂತ್ ಅವರ ಬಲ ಮಂಡಿಯ ಲಿಗಮೆಂಟುಗಳು ಹರಿದವು. ಮುಂಬೈಯಲ್ಲಿ ಆಪರೇಷನ್, ಬಳಿಕ ಇಲ್ಲಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ. 2024ರ ಮಾರ್ಚ್ 12ರಂದು ಕ್ರಿಕೆಟ್ ಮಂಡಳಿ ಅವರನ್ನು ಬರೀ ಬ್ಯಾಟರ್ ಆಗಿ ಅಲ್ಲ, ವಿಕೆಟ್‌ಕೀಪರ್ ಬ್ಯಾಟರ್ ಆಗಿ ಸಮರ್ಥರೆಂದು ಘೋಷಿಸಿತು. ಟೆಸ್ಟಿನ ಒಂದು ದಿನಕ್ಕೆ 90 ಓವರ್, 540 ಎಸೆತ. ಕೀಪರ್ ಅಷ್ಟು ಸಲ ಕುಕ್ಕರಗಾಲಲ್ಲಿ ಕೂತೇಳಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ಕೀಪಿಂಗ್ ಮಾಡುವಾಗ ಚೆಂಡು ಆಪರೇಷನ್ ಆದ ಮಂಡಿಗೇ ಬಡಿದು ಮೈದಾನ ಬಿಟ್ಟರು, ಎರಡನೇ ಇನಿಂಗ್ಸ್‌ನಲ್ಲಿ ಬಂದು 99 ರನ್ ಹೊಡೆದರು. ‘ಅವರ ಹಿಂದೆ ಫಿಸಿಯೊಗಳ ದಂಡೇ ಇತ್ತು, ನಮಗೆಲ್ಲಿ?’ ಎಂಬುದು ನ್ಯಾಯವಾದ ಮಾತು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಮಂಡಿ ಬಾಗಿಸಿಕೊಂಡು ಕೂತು, ಆಫೀಸಿನಲ್ಲಿ ಮತ್ತೆ ಒಂಬತ್ತು ಗಂಟೆ ಕೂರುವವರಿಗೆ ಹದಿನಾಲ್ಕು ತಿಂಗಳ ಪೂರ್ಣಾವಧಿ ಚೇತರಿಕೆ ಕನಸು. ಆದರೆ ದುಬಾರಿ ಯಂತ್ರಗಳು ಮುಖ್ಯವಾಗಿ ಬೇಕಾಗುವುದು ಆಟದ ಬಲಕ್ಕೆ. ಮಡಚುವುದಕ್ಕೆ ಬೇಕಾಗಿರುವುದು ನೆಲ, ಗೋಡೆ, ಪಂಚೆ, ಮತ್ತು ಯಾರೂ ಕಸಿಯದ ನಲವತ್ತು ನಿಮಿಷ. ಇವುಗಳಲ್ಲಿ ದುರ್ಲಭವಾದದ್ದು ಕೊನೆಯದು. ಅದನ್ನು ಸಂಪಾದಿಸಿಕೊಡುವುದು ಮನೆಯವರ ಮತ್ತು ಆಫೀಸಿನವರ ಕೆಲಸ.

ಕುಕ್ಕರಗಾಲು ಮಂಡಿ ಸವೆಸುತ್ತದೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. 2004ರಲ್ಲಿ ಪ್ರಕಟವಾದ ಬೀಜಿಂಗ್ ಅಧ್ಯಯನದಲ್ಲಿ, ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದವರಲ್ಲಿ ಮುಪ್ಪಿನ ಮಂಡಿಸವೆತ ಹೆಚ್ಚಿತ್ತು. ಲಿಗಮೆಂಟ್ ಹರಿದ ಮಂಡಿಗೆ ಆ ಅಪಾಯ ಮೊದಲೇ ಇದೆ. ಆದರೆ ಅಲ್ಲಿನ ಮಾತು ಗಂಟೆಗಟ್ಟಲೆಯದ್ದು. ಎಲೆ ಮುಂದೆ ಅರ್ಧ ಗಂಟೆ ಕೂರುವುದನ್ನು ಅದು ತಡೆಯುವುದಿಲ್ಲ. ಮಂಡಿ ಮಡಚುವ ಶಕ್ತಿ ಇರಲಿ, ಬಳಕೆಯಲ್ಲಿ ಹಿತಮಿತ ಇರಲಿ.

ಕೊನೆಯ ಕೆಲವು ಡಿಗ್ರಿಗೆ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಜಗತ್ತಿಗೆ ಕಲಿಸಿದ ಯೋಗಕ್ರಮ ಒದಗಿಬರುತ್ತದೆ. ಬಾಗದ ದೇಹವನ್ನು ಆಸನಕ್ಕೆ ತುರುಕದೆ, ಮರದ ದಿಮ್ಮಿ, ಕಂಬಳಿ, ಪಟ್ಟಿಗಳಿಂದ ಆಸನವನ್ನೇ ದೇಹದ ಹತ್ತಿರಕ್ಕೆ ತರುವುದು ಅವರ ದಾರಿ. ವೈದ್ಯರ ಒಪ್ಪಿಗೆ ಸಿಕ್ಕ ಮೇಲೆ, ಸಾಮಾನ್ಯವಾಗಿ ಐದಾರು ತಿಂಗಳ ಹೊತ್ತಿಗೆ, ವಜ್ರಾಸನಕ್ಕೆ ಕೂರುವವರು ಹಿಮ್ಮಡಿಗೂ ಪಿರ್ರೆಗೂ ನಡುವೆ ಕಂಬಳಿಯನ್ನು ಎಂಟು ಮಡಿಕೆ ಮಾಡಿ ಇಟ್ಟುಕೊಳ್ಳಲಿ. ಕೈಗಳ ಭಾರ ಮುಂದಿನ ಸ್ಟೂಲಿನ ಮೇಲಿರಲಿ. ಮಾರನೆಯ ಬೆಳಿಗ್ಗೆ ಮಂಡಿ ಊದದಿದ್ದರೆ ಮುಂದಿನ ವಾರ ಏಳು ಮಡಿಕೆ. ಊದಿದರೆ ಮತ್ತೆ ಎಂಟು.