ಸಣ್ಣ ಪಾತ್ರಗಳ ದೊಡ್ಡ ನಟ: ಮಾರ್ಸೆಲ್ ದಾಲಿಯೊ

ಚಲನಚಿತ್ರವನ್ನು ನೋಡಿ ಮನೆಗೆ ಮರಳುವ ಪ್ರೇಕ್ಷಕನ ನಾಲಗೆಯ ಮೇಲೆ ಸಾಮಾನ್ಯವಾಗಿ ನಲಿಯುವುದು ನಾಯಕ ನಾಯಿಕೆಯರ ಹೆಸರು. ಹೋಟೆಲಿನ ಯಜಮಾನನಾಗಿಯೋ ಮುದಿ ಶ್ರೀಮಂತನಾಗಿಯೋ ಐದೇ ನಿಮಿಷ ಕಾಣಿಸಿಕೊಂಡು ಮರೆಯಾದ ನಟನ ಮುಖ ಮನಸ್ಸಿನಲ್ಲಿ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ಫ್ರಾನ್ಸಿನ ಮಾರ್ಸೆಲ್ ದಾಲಿಯೊ ಅಂತಹ ನಟ. ಆದರೆ ಆತನ ಬಾಳಿನಲ್ಲಿ ಮುಖವೆಂಬುದು ಕೇವಲ ಹೊಟ್ಟೆಪಾಡಿನ ಸಾಧನವಾಗಿ ಉಳಿಯಲಿಲ್ಲ. ಆತನಿಗೆ ಕೀರ್ತಿ ತಂದ ಮುಖವೇ ಆತನನ್ನು ಹುಟ್ಟಿದ ನಾಡಿನಿಂದ ಓಡಿಸಿತು.

ದಾಲಿಯೊ ಎಂಬುದು ರಂಗಭೂಮಿಗಾಗಿ ಇಟ್ಟುಕೊಂಡ ಹೆಸರು. ರುಮೇನಿಯದಿಂದ ಬಂದು ಪ್ಯಾರಿಸಿನಲ್ಲಿ ನೆಲೆಸಿದ್ದ ಯೆಹೂದ್ಯ ದಂಪತಿಗಳ ಮಗನಾಗಿ 1899ರಲ್ಲಿ ಹುಟ್ಟಿದಾಗ ಆತ ಇಸ್ರೇಲ್ ಮೋಷೆ ಬ್ಲೌಷಿಲ್ಡ್. ಪ್ಯಾರಿಸಿನ ನಾಟಕ ವಿದ್ಯಾಲಯದಲ್ಲಿ ಶಿಕ್ಷಣ ಪಡೆದು, 1920ರ ದಶಕದಲ್ಲಿ ಹಾಡು, ಹಾಸ್ಯ, ಕಿರುಪ್ರಹಸನಗಳಿಂದ ಕೂಡಿದ ವಿನೋದ ರಂಗದಲ್ಲಿ ಪಳಗಿದ. ಕುಳ್ಳ ದೇಹ, ಗುಂಗುರು ಕೂದಲು, ಸದಾ ಚಂಚಲವಾದ ದೊಡ್ಡ ಕಣ್ಣುಗಳು: ನಾಯಕನಾಗಲು ಬೇಕಾದ ರೂಪ ಆತನದಾಗಿರಲಿಲ್ಲ. ಚಿತ್ರರಂಗ ಆತನನ್ನು ಮೊದಮೊದಲು ಕಂಡುಕೊಂಡದ್ದು ಪುಕ್ಕಲರ, ದ್ರೋಹಿಗಳ ಪಾತ್ರಗಳಲ್ಲಿ. 1937ರ ‘ಪೆಪೆ ಲ ಮೊಕೊ’ದಲ್ಲಿ ಆತ ಪೊಲೀಸರಿಗೆ ಸುದ್ದಿ ಮುಟ್ಟಿಸುವ ನೀಚ.

ರೆನ್ವಾರನ ಕಣ್ಣಿಗೆ ಬಿದ್ದದ್ದು

ಅದೇ ವರ್ಷ ನಿರ್ದೇಶಕ ಝಾನ್ ರೆನ್ವಾರ್ ತನ್ನ ‘ಲಾ ಗ್ರಾಂದ್ ಇಲ್ಯೂಜಿಯೊಂ’ ಚಿತ್ರದಲ್ಲಿ ಆತನಿಗೆ ರೊಸೆಂಥಾಲನ ಪಾತ್ರವನ್ನು ಕೊಟ್ಟ. ಮೊದಲನೆಯ ಮಹಾಯುದ್ಧದ ಸೆರೆಯಾಳುಗಳ ಕಥೆ ಇದು. ಶ್ರೀಮಂತ ಯೆಹೂದ್ಯ ಮನೆತನದ ರೊಸೆಂಥಾಲ್ ಮನೆಯಿಂದ ಬಂದ ತಿನಿಸನ್ನೆಲ್ಲ ಜೊತೆಯ ಬಂದಿಗಳಿಗೆ ಹಂಚಿಬಿಡುವ ಉದಾರಿ. ಕೊನೆಗೆ ಆತನೂ, ಝಾನ್ ಗಾಬೆಂ ಅಭಿನಯಿಸಿದ ಮರೆಶಾಲನೂ ಸೆರೆಯಿಂದ ತಪ್ಪಿಸಿಕೊಂಡು ಚಳಿಯಲ್ಲಿ ಸ್ವಿಟ್ಜರ್ಲೆಂಡಿನ ಗಡಿಯತ್ತ ನಡೆಯುತ್ತಾರೆ. ರೊಸೆಂಥಾಲನ ಕಾಲು ಉಳುಕಿದೆ, ಇಬ್ಬರ ಹೊಟ್ಟೆಯಲ್ಲೂ ಹಸಿವು. ಸಹನೆ ಕಳೆದುಕೊಂಡ ಮರೆಶಾಲ್ ಆತನ ಜಾತಿಯನ್ನೇ ಎತ್ತಿ ಬೈದು ಮುಂದೆ ಹೊರಟುಬಿಡುತ್ತಾನೆ. ಬಂಡೆಯ ಮೇಲೆ ಒಂಟಿಯಾಗಿ ಕುಳಿತ ರೊಸೆಂಥಾಲ್ ಸಿಟ್ಟಿನಿಂದ ಮಕ್ಕಳ ಹಾಡೊಂದನ್ನು ಗಟ್ಟಿಯಾಗಿ ಹಾಡತೊಡಗುತ್ತಾನೆ. ಸ್ವಲ್ಪ ಹೊತ್ತಿಗೆ ಹಾಡು ನಿಲ್ಲುತ್ತದೆ. ಮರೆಶಾಲ್ ಮರಳಿ ಬಂದು ಮಾತಿಲ್ಲದೆ ನಿಂತಿರುತ್ತಾನೆ. ದಾಲಿಯೊ ಈ ದೃಶ್ಯದಲ್ಲಿ ಕಣ್ಣೀರಿಟ್ಟು ಕರುಣೆ ಬೇಡುವುದಿಲ್ಲ. ಆ ಒರಟು ಹಾಡಿನಲ್ಲೇ ಅಪಮಾನವೂ ಆತ್ಮಗೌರವವೂ ಒಟ್ಟಿಗೆ ಕೇಳಿಸುತ್ತವೆ.

ಎರಡು ವರ್ಷಗಳ ಬಳಿಕ, 1939ರ ‘ಲಾ ರೆಗ್ಲ್ ದ್ಯು ಝು’ ಚಿತ್ರದಲ್ಲಿ ರೆನ್ವಾರ್ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದ. ದ್ರೋಹಿಯ ಪಾತ್ರಗಳಿಗೆ ಮೀಸಲಾಗಿದ್ದ ನಟನನ್ನು ಕುಲೀನ ಜಮೀನ್ದಾರನನ್ನಾಗಿ ಮಾಡಿದ. ಹಾಡುವ ಯಂತ್ರಪಕ್ಷಿಗಳನ್ನೂ ತಾನೇ ನುಡಿಯುವ ವಾದ್ಯಗಳನ್ನೂ ಸಂಗ್ರಹಿಸುವುದು ಈ ಜಮೀನ್ದಾರನ ಗೀಳು. ಮನೆಗೆ ಬಂದ ಅತಿಥಿಗಳ ಮುಂದೆ ತೆರೆ ಸರಿಸಿ, ಬಣ್ಣಬಣ್ಣದ ಬೊಂಬೆಗಳುಳ್ಳ ಭಾರಿ ವಾದ್ಯವೊಂದನ್ನು ಆತ ತೋರಿಸುವ ದೃಶ್ಯವಿದೆ. ಕ್ಯಾಮರಾ ಬೊಂಬೆಗಳ ಮೇಲೆ ಹಾಯ್ದು ದಾಲಿಯೊನ ಮುಖದಲ್ಲಿ ನಿಲ್ಲುತ್ತದೆ. ಅಲ್ಲಿ ಹೆಮ್ಮೆಯಿದೆ, ಸಂಕೋಚವಿದೆ, ಹೊಸ ಆಟಿಕೆ ಸಿಕ್ಕ ಹುಡುಗನ ಸಂತೋಷವಿದೆ. ತನ್ನ ಜೀವಮಾನದಲ್ಲಿ ತೆಗೆದ ಅತ್ಯುತ್ತಮ ಚಿತ್ರಿಕೆ ಇದೇ ಇರಬಹುದೆಂದು ರೆನ್ವಾರ್ ಮುಂದೆ ಹೇಳಿದ.

ಪ್ಯಾರಿಸಿನ ಪ್ರೇಕ್ಷಕರು ಮಾತ್ರ ಚಿತ್ರಕ್ಕೆ ಕೂಗು ಹಾಕಿದರು. ಯೆಹೂದ್ಯನೊಬ್ಬ ಫ್ರೆಂಚ್ ಕುಲೀನನ ವೇಷ ತೊಟ್ಟದ್ದನ್ನು ಹಲವರು ಸಹಿಸಲಿಲ್ಲ. ರೆನ್ವಾರ್ ಇದನ್ನು ಮೊದಲೇ ಊಹಿಸಿದ್ದನೆಂದು ತೋರುತ್ತದೆ. ಚಿತ್ರದಲ್ಲಿ ಅಡುಗೆಮನೆಯ ಆಳುಗಳು ತಮ್ಮ ಧಣಿಯ ವಂಶವನ್ನು ಕೆದಕುತ್ತಾ, ಅವನ ತಾಯಿಯ ತಂದೆ ರೊಸೆಂಥಾಲ್ ಎಂಬವನಲ್ಲವೇ ಎಂದು ಪಿಸುಗುಟ್ಟುತ್ತಾರೆ! ಸರಕಾರ ಚಿತ್ರವನ್ನು ನಿಷೇಧಿಸಿತು. ಅದು ಬಹುಮಟ್ಟಿಗೆ ಪೂರ್ಣರೂಪದಲ್ಲಿ ಮತ್ತೆ ಬೆಳಕು ಕಂಡದ್ದು 1959ರಲ್ಲಿ. ಇಂದು ಜಗತ್ತಿನ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಅದರ ಸ್ಥಾನ ಭದ್ರವಾಗಿದೆ.

ಗಡಿಗಳ ನಡುವೆ

1940ರ ಜೂನ್ ತಿಂಗಳಲ್ಲಿ ಹಿಟ್ಲರನ ಸೈನ್ಯ ಪ್ಯಾರಿಸನ್ನು ಸಮೀಪಿಸಿತು. ದಾಲಿಯೊ ತನ್ನ ತರುಣಿ ಪತ್ನಿ, ನಟಿ ಮ್ಯಾಡ್ಲೀನ್ ಲಬೋಳೊಡನೆ ನಗರವನ್ನು ಬಿಟ್ಟ. ಮೂರು ವರ್ಷಗಳ ಹಿಂದೆ ತೆರೆಯ ಮೇಲೆ ಗಡಿ ದಾಟಿದ್ದವನು ಈಗ ನಿಜವಾಗಿಯೇ ಗಡಿಗಳನ್ನು ದಾಟಬೇಕಾಯಿತು. ಲಿಸ್ಬನ್ನಿನಲ್ಲಿ ಹರಸಾಹಸದಿಂದ ಚಿಲಿ ದೇಶದ ವೀಸಾ ಸಂಪಾದಿಸಿ ಇಬ್ಬರೂ ‘ಕ್ವಾಂಜಾ’ ಎಂಬ ಹಡಗನ್ನೇರಿದರು. ಮೆಕ್ಸಿಕೊ ತಲುಪಿದಾಗ ಆ ವೀಸಾಗಳು ಖೋಟಾ ಎಂದು ತಿಳಿಯಿತು. ಕಡೆಗೆ ಕೆನಡದ ತಾತ್ಕಾಲಿಕ ಕಾಗದಪತ್ರಗಳು ದೊರೆತು, ಅಮೆರಿಕದ ದಾರಿ ತೆರೆಯಿತು.

ಇತ್ತ ಫ್ರಾನ್ಸಿನಲ್ಲಿ ನಡೆದದ್ದು ಕೇಳಿದರೆ ಮೈ ನಡುಗುತ್ತದೆ. ಯೆಹೂದ್ಯರನ್ನು ಗುರುತಿಸುವುದು ಹೇಗೆಂದು ಜನರಿಗೆ ‘ಕಲಿಸುವ’ ಸಲುವಾಗಿ ನಾಜಿಗಳು ಗೋಡೆಗಳಿಗೆ ಭಿತ್ತಿಪತ್ರ ಅಂಟಿಸಿದರು. ಮಾದರಿಯಾಗಿ ಬಳಸಿಕೊಂಡದ್ದು ದಾಲಿಯೊನ ಭಾವಚಿತ್ರವನ್ನು. ನಗಿಸಲು, ಮರುಗಿಸಲು ಪ್ರೇಕ್ಷಕರೆದುರು ಆತ ತೆರೆದಿಟ್ಟ ಮುಖ ಈಗ ದ್ವೇಷದ ಪಾಠಕ್ಕೆ ಚಿತ್ರಪಟವಾಯಿತು. ಆತನೇನೋ ಸಮುದ್ರದಾಚೆ ಇದ್ದ, ಹೆತ್ತವರು ಇರಲಿಲ್ಲ. ಅವರಿಬ್ಬರೂ ನಾಜಿಗಳ ಶಿಬಿರಗಳಲ್ಲಿ ಪ್ರಾಣಬಿಟ್ಟರು.

ಹಾಲಿವುಡ್ಡಿನಲ್ಲಿ

ಹಾಲಿವುಡ್ಡಿಗೆ ರೆನ್ವಾರನ ಜಮೀನ್ದಾರ ಬೇಕಾಗಿರಲಿಲ್ಲ. ಫ್ರೆಂಚ್ ಧಾಟಿಯಲ್ಲಿ ಇಂಗ್ಲಿಷ್ ಮಾತನಾಡುವ ಒಬ್ಬ ಆಳು ಬೇಕಾಗಿದ್ದ. 1942ರ ‘ಕಾಸಾಬ್ಲಾಂಕಾ’ ಚಿತ್ರದಲ್ಲಿ ದಾಲಿಯೊ ಜೂಜಿನ ಮೇಜಿನ ನೌಕರ. ಪಾತ್ರವರ್ಗದ ಪಟ್ಟಿಯಲ್ಲಿ ಆತನ ಹೆಸರೂ ಇಲ್ಲ. ಆದರೂ ಆ ಚಿತ್ರದ ಅತ್ಯಂತ ಪ್ರಸಿದ್ಧ ವಿನೋದ ನಡೆಯುವುದು ಆತನ ಕೈಯಿಂದಲೇ. ಇಲ್ಲಿ ಜೂಜು ನಡೆಯುತ್ತಿದೆಯೆಂದು ಪೊಲೀಸ್ ಅಧಿಕಾರಿ ರೆನೋ ದಿಗ್ಭ್ರಮೆ ನಟಿಸುತ್ತಾ ಅಂಗಡಿ ಮುಚ್ಚಿಸುತ್ತಿರುವಾಗ, ದಾಲಿಯೊ ವಿನಯದಿಂದ ಬಂದು ಅದೇ ಅಧಿಕಾರಿಯ ಕೈಗೆ ಆತ ಜೂಜಿನಲ್ಲಿ ಗೆದ್ದ ಹಣವನ್ನಿಡುತ್ತಾನೆ. ಅದೇ ಚಿತ್ರದಲ್ಲಿ ಫ್ರಾನ್ಸಿನ ರಾಷ್ಟ್ರಗೀತೆಯನ್ನು ಕಣ್ಣೀರು ಸುರಿಸುತ್ತಾ ಹಾಡುವ ತರುಣಿ ಲಬೋ. ಆ ವರ್ಷವೇ ದಂಪತಿಗಳ ಸಂಬಂಧ ಮುರಿದುಬಿತ್ತು.

1944ರಲ್ಲಿ ‘ವಿಲ್ಸನ್’ ಚಿತ್ರದಲ್ಲಿ ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೋ ಆಗಿ, ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಚಿತ್ರದಲ್ಲಿ ಹೋಟೆಲಿನ ಯಜಮಾನನಾಗಿ ಆತ ಕಾಣಿಸಿಕೊಂಡ. ಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಮರಳಿ, ಮುಂದೆ ಎರಡೂ ದೇಶಗಳ ಚಿತ್ರಗಳಲ್ಲಿ ದುಡಿದ. 1954ರ ‘ಸಬ್ರಿನಾ’ದಲ್ಲಿ ಆಡ್ರಿ ಹೆಪ್‌ಬರ್ನಳಿಗೆ ಹಿತವಚನ ಹೇಳುವ ವೃದ್ಧ ಶ್ರೀಮಂತ ಆತನೇ. ವಿಧಿಯ ಚಮತ್ಕಾರವೆಂಬಂತೆ, 1955ರಲ್ಲಿ ‘ಕಾಸಾಬ್ಲಾಂಕಾ’ ಅಮೆರಿಕದ ದೂರದರ್ಶನಕ್ಕೆ ಧಾರಾವಾಹಿಯಾಗಿ ಬಂದಾಗ, ಅಂದು ಹಣ ಒಪ್ಪಿಸಿದ್ದ ನೌಕರ ಪೊಲೀಸ್ ಅಧಿಕಾರಿಯ ಪಾತ್ರಕ್ಕೆ ಬಡ್ತಿ ಪಡೆದಿದ್ದ! ಆದರೆ ರೆನ್ವಾರ್ ಕೊಟ್ಟಂತಹ ಪಾತ್ರವನ್ನು ಮತ್ತೆ ಯಾರೂ ಕೊಡಲಿಲ್ಲ. ಯುದ್ಧ ಆತನಿಂದ ಕಸಿದುಕೊಂಡದ್ದರಲ್ಲಿ ಇದೂ ಒಂದು.

ಇಳಿವಯಸ್ಸಿನಲ್ಲಿ ಆತನಿಗೆ ಎರಡು ಒಳ್ಳೆಯ ಅವಕಾಶಗಳು ದೊರೆತವು. 1970ರ ‘ಕ್ಯಾಚ್-22’ ಚಿತ್ರದಲ್ಲಿ, ಗೆದ್ದ ದೇಶಗಳಿಗಿಂತ ಸೋತು ಬಾಗಿದ ದೇಶಗಳೇ ಹೆಚ್ಚು ಕಾಲ ಬಾಳುತ್ತವೆಂದು ಅಮೆರಿಕನ್ ತರುಣನೊಡನೆ ವಾದಿಸುವ ಮುದುಕನಾದ. ಮೂರು ವರ್ಷಗಳ ಬಳಿಕ ಬಂದದ್ದು ‘ರಬ್ಬಿ ಜಾಕೋಬನ ಸಾಹಸಗಳು’. ನಮ್ಮ ಉಪನಯನವನ್ನು ನೆನಪಿಗೆ ತರುವ ಹುಡುಗನೊಬ್ಬನ ಸಂಸ್ಕಾರಕ್ಕಾಗಿ, ಮೂವತ್ತು ವರ್ಷಗಳ ಅಮೆರಿಕ ವಾಸದ ಬಳಿಕ ಫ್ರಾನ್ಸಿಗೆ ಮರಳುವ ಯೆಹೂದ್ಯ ಧರ್ಮಗುರುವಿನ ಪಾತ್ರ ಆತನದು. ನಾಯಕ ಲೂಯಿ ದ ಫ್ಯುನೆಸ್ ಇಡೀ ಚಿತ್ರದಲ್ಲಿ ಕುಣಿದಾಡಿ ನಗಿಸುತ್ತಾನೆ. ಆದರೆ ನಿಜವಾದ ರಬ್ಬಿ ದಾಲಿಯೊ. ಫ್ರಾನ್ಸಿನ ಜನ ಮನೆಮಂದಿಯೊಡನೆ ಬಂದು ಆ ಮುಖವನ್ನು ಕಂಡರು, ಮನಸಾರೆ ನಕ್ಕರು. ಅವರ ಮುಂದೆ ಆತ ಯಾವ ಮರೆಯೂ ಇಲ್ಲದೆ ಯೆಹೂದ್ಯನಾಗಿಯೇ ನಿಂತಿದ್ದ.

ಮಾರ್ಸೆಲ್ ದಾಲಿಯೊ 1983ರ ನವೆಂಬರಿನಲ್ಲಿ ಪ್ಯಾರಿಸಿನಲ್ಲಿ ಕಾಲವಾದ. ಗೋಡೆಗಳ ಮೇಲಿನ ಭಿತ್ತಿಪತ್ರಗಳು ಎಂದೋ ಹರಿದುಹೋಗಿದ್ದವು. ವಾದ್ಯದ ಪಕ್ಕದಲ್ಲಿ ಹೆಮ್ಮೆಯಿಂದಲೂ ನಾಚಿಕೆಯಿಂದಲೂ ನಿಂತ ಆ ಜಮೀನ್ದಾರನನ್ನು ಮಾತ್ರ ರಸಿಕರು ಇಂದಿಗೂ ನೋಡುತ್ತಿದ್ದಾರೆ.