ಮದ್ದಿಗೊಂದು ಪೊಟ್ಟಣ, ಅದಕ್ಕೊಂದು ವಿಳಾಸ

ಕೀಮೋ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಎಲ್ಲರ ಎದೆ ಝಲ್ಲೆನ್ನುತ್ತದೆ. ಕೂದಲು ಉದುರುತ್ತೆ, ವಾಂತಿ ಬರುತ್ತೆ, ಊಟ ಸೇರಲ್ಲ. ಕಾರಣ ಇಷ್ಟೇ: ರಕ್ತಕ್ಕೆ ಬಿಟ್ಟ ಮದ್ದು ಗೆಡ್ಡೆಗೆ ಮಾತ್ರವಲ್ಲ, ಮೈಯೆಲ್ಲ ಹೋಗುತ್ತದೆ.

ಡಾಕ್ಸೊರುಬಿಸಿನ್ ಎಂಬ ಕೆಂಪು ಮದ್ದನ್ನೇ ನೋಡೋಣ. ಅದು ಕ್ಯಾನ್ಸರನ್ನು ಕೊಲ್ಲುತ್ತದೆ, ಹೃದಯಕ್ಕೂ ಪೆಟ್ಟು ಕೊಡುತ್ತದೆ. ಅದೇ ಮದ್ದನ್ನು ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ ತುಂಬಿದ ‘ಡಾಕ್ಸಿಲ್’ಗೆ 1995ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಗುಳ್ಳೆಯ ಗಾತ್ರ ಸುಮಾರು 100 ನ್ಯಾನೋಮೀಟರ್, ಅಂದರೆ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲು. ಗೆಡ್ಡೆಯ ರಕ್ತನಾಳಗಳು ಸೋರುವುದರಿಂದ ಗುಳ್ಳೆ ಅಲ್ಲಿ ನುಸುಳಬಲ್ಲದು. ಹೃದಯಕ್ಕೆ ಹಾನಿ ಕಡಿಮೆ. ಆದರೆ ಅಂಗೈ, ಅಂಗಾಲು ಉರಿಯಬಹುದು.

ನಮ್ಮ ಜೀವಕೋಶಗಳೂ ಇಂಥದೇ ಚೀಲಗಳನ್ನು ಹೊರಬಿಡುತ್ತವೆ. ಹೆಸರು ಎಕ್ಸೋಸೋಮ್. ಒಂದು ಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಒಯ್ಯುವುದು ಇವುಗಳ ಕೆಲಸ. ಹೂಸ್ಟನ್‌ನ ಎಂ.ಡಿ. ಆಂಡರ್ಸನ್ ಕೇಂದ್ರದ ರಘು ಕಲ್ಲೂರಿ ತಂಡ ಇವುಗಳಲ್ಲಿ ಮದ್ದು ತುಂಬಿ, ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ ಇಲಿಗಳಿಗೆ ಕೊಟ್ಟಿತು. ಅವು ಹೆಚ್ಚು ದಿನ ಬದುಕಿದವು. ಇದು ಪ್ರಕಟವಾದದ್ದು 2017ರಲ್ಲಿ. ಆಮೇಲೆ ಮನುಷ್ಯರ ಮೇಲೂ ಪ್ರಯೋಗ ಶುರುವಾಯಿತು.

ಪ್ರಯೋಗ ಬೇರೆ, ಚಿಕಿತ್ಸೆ ಬೇರೆ. ಎಕ್ಸೋಸೋಮ್ ಇಂಜೆಕ್ಷನ್‌ನಿಂದ ಕ್ಯಾನ್ಸರ್ ಗುಣವಾಗುತ್ತೆ ಅಂತ ಯಾರಾದರೂ ಹೇಳಿದರೆ, ಚಿನ್ನ ಅಡವಿಡುವ ಮೊದಲು ನಾವು ಕ್ಯಾನ್ಸರ್ ವೈದ್ಯರನ್ನೇ ಕೇಳೋಣ: ಇದಕ್ಕೆ ಸರ್ಕಾರದ ಒಪ್ಪಿಗೆ ಉಂಟಾ? ನಡೆಯುತ್ತಿರುವ ಕೀಮೋ ಮಾತ್ರ ಅರ್ಧಕ್ಕೆ ಬಿಡುವುದು ಬೇಡ.