ಬಡದೇಶಗಳಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆ: ಉಗಾಂಡದ ಜಲಶೀರ್ಷ ರೋಗದ ಪ್ರಸಂಗ

ಶಸ್ತ್ರವೈದ್ಯವು ಸಿರಿವಂತ ರಾಷ್ಟ್ರಗಳಿಗೆ ಮೀಸಲಾದುದು, ಬಡರಾಷ್ಟ್ರಗಳ ಮಕ್ಕಳಿಗೆ ಲಸಿಕೆ, ಶುದ್ಧ ಜಲ, ಪೌಷ್ಟಿಕ ಆಹಾರಗಳು ದೊರೆತರೆ ಸಾಕು ಎಂಬ ಭಾವನೆ ಬಹುಕಾಲ ಬೇರೂರಿದ್ದಿತು. ವಿಶ್ವ ಆರೋಗ್ಯ ಸಭೆಯು 2015ರಲ್ಲಿ ತುರ್ತಿನ ಹಾಗೂ ಅವಶ್ಯವಾದ ಶಸ್ತ್ರಚಿಕಿತ್ಸೆಯನ್ನು ಸಾರ್ವತ್ರಿಕ ಆರೋಗ್ಯ ವ್ಯವಸ್ಥೆಯ ಅಂಗವೆಂದು ನಿರ್ಣಯಿಸಿತು. ಆದರೆ ನಿರ್ಣಯದಿಂದ ಕಾರ್ಯಕ್ಕೆ ಇಳಿದೊಡನೆ ತೊಡಕೊಂದು ಎದುರಾಗುತ್ತದೆ. ಸಿರಿವಂತ ದೇಶದ ಚಿಕಿತ್ಸೆಯನ್ನು ಇದ್ದಂತೆಯೇ ತಂದು ಬೇರೆ ನೆಲದಲ್ಲಿ ನೆಟ್ಟರೆ ಅದು ಬೇರುಬಿಡುವುದೆ? ಆಫ್ರಿಕದ ಉಗಾಂಡದಲ್ಲಿ ನಡೆದ ಕಾರ್ಯವು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

ಮೊದಲು ರೋಗದ ಸ್ವರೂಪವನ್ನು ಅರಿಯಬೇಕು. ಮಿದುಳಿನೊಳಗೆ ಕುಹರಗಳೆಂಬ ನಾಲ್ಕು ಟೊಳ್ಳುಗಳುಂಟು. ಅವುಗಳಲ್ಲಿರುವ ಕೋರಾಯ್ಡ್ ಜಾಲವೆಂಬ ರಕ್ತನಾಳಗಳ ಗೊಂಚಲು ತಿಳಿಯಾದ ದ್ರವವನ್ನು ಸದಾ ಸ್ರವಿಸುತ್ತಿರುತ್ತದೆ. ವಯಸ್ಕರಲ್ಲಿ ಅದರ ಪ್ರಮಾಣ ದಿನಕ್ಕೆ ಸುಮಾರು ಅರ್ಧ ಲೀಟರು. ಈ ದ್ರವವು ಕಿರಿದಾದ ಕಾಲುವೆಗಳ ಮೂಲಕ ಹೊರಬಂದು, ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು, ಕೊನೆಗೆ ರಕ್ತದಲ್ಲಿ ಲೀನವಾಗುತ್ತದೆ. ಹಾದಿ ಎಲ್ಲಿಯಾದರೂ ಮುಚ್ಚಿಕೊಂಡರೆ ಕುಹರಗಳು ಕೆರೆಯಂತೆ ತುಂಬಿ ಉಬ್ಬುತ್ತವೆ. ಶಿಶುವಿನ ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದುಕೊಂಡಿರುವುದಿಲ್ಲವಾದ ಕಾರಣ ತಲೆಯೇ ಹಿಗ್ಗುತ್ತದೆ. ಒಳಗಿನ ಮಿದುಳು ನಲುಗುತ್ತದೆ. ಇದೇ ಜಲಶೀರ್ಷ. ಚಿಕಿತ್ಸೆಯಿಲ್ಲದಿದ್ದರೆ ಬಹುಮಂದಿ ಮಕ್ಕಳು ಸಾಯುತ್ತಾರೆ. ಬದುಕಿದವರಲ್ಲಿ ಅನೇಕರು ಕುರುಡರಾಗಿಯೋ ಬುದ್ಧಿ ಕುಂಠಿತರಾಗಿಯೋ ಉಳಿಯುತ್ತಾರೆ.

ಇದಕ್ಕೆ 1950ರ ದಶಕದಿಂದ ಪ್ರಚಾರಕ್ಕೆ ಬಂದ ಉಪಾಯವೆಂದರೆ ಷಂಟ್. ಕವಾಟವುಳ್ಳ ಒಂದು ಸಣ್ಣ ನಳಿಗೆಯನ್ನು ಕುಹರದಿಂದ ಚರ್ಮದಡಿಯಲ್ಲಿ ಹಾಯಿಸಿ, ಹೆಚ್ಚಿನ ದ್ರವವನ್ನು ಸಾಮಾನ್ಯವಾಗಿ ಉದರಕ್ಕೆ ಇಳಿಸುವುದು ಇದರ ಕ್ರಮ. ಅಸಂಖ್ಯ ಮಕ್ಕಳ ಪ್ರಾಣವನ್ನು ಇದು ಉಳಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಳಿಗೆ ಕಟ್ಟಿಕೊಳ್ಳುತ್ತದೆ, ಸೋಂಕಿಗೆ ಈಡಾಗುತ್ತದೆ. ಬದಲಾಯಿಸುವ ಶಸ್ತ್ರಕ್ರಿಯೆ ಮತ್ತೆ ಮತ್ತೆ ಬೇಕಾಗಬಹುದು. ನರಶಸ್ತ್ರವೈದ್ಯರು ಹತ್ತಿರದಲ್ಲಿರುವ ನಗರದಲ್ಲಿ ಇದು ಕಷ್ಟವಾದರೂ ಮಾರಕವಲ್ಲ. ಆಸ್ಪತ್ರೆಗೆ ಎರಡು ದಿನದ ಹಾದಿಯಿರುವ ಹಳ್ಳಿಯಲ್ಲಿ, ಬಸ್ಸಿನ ಹಣಕ್ಕೆ ಸಾಲ ಹುಡುಕಬೇಕಾದ ತಾಯಿಯ ಮಡಿಲಲ್ಲಿ, ಕಟ್ಟಿಕೊಂಡ ನಳಿಗೆಯೆಂದರೆ ಮರಣವೇ. ಶಸ್ತ್ರಕ್ರಿಯೆ ಸಫಲವಾಯಿತೆಂದು ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡ ಮಗುವೇ ಮರುವರ್ಷ ಹೀಗೆ ತೀರಿಕೊಳ್ಳಬಹುದು.

ಅಮೆರಿಕದ ನರಶಸ್ತ್ರವೈದ್ಯ ಬೆಂಜಮಿನ್ ವಾರ್ಫ್ 2000ರಲ್ಲಿ ಉಗಾಂಡಕ್ಕೆ ತೆರಳಿ, ದೇಶದ ಪೂರ್ವಭಾಗದ ಎಂಬಾಲೆ ಪಟ್ಟಣದ ಕ್ಯೂರ್ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ತೊಡಗಿದಾಗ ಎದುರಿಸಿದುದು ಈ ಸ್ಥಿತಿಯನ್ನೇ. ಅವರು 2005ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪರೀಕ್ಷಿಸಿದ 300 ಮಕ್ಕಳಲ್ಲಿ ಶೇಕಡ 60ರಷ್ಟು ಮಂದಿಗೆ ರೋಗ ಬಂದುದು ಮಿದುಳಿನ ಸೋಂಕಿನಿಂದ; ಅಂಥವರಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಆ ಸೋಂಕು ತಗಲಿದುದು ಹುಟ್ಟಿದ ಮೊದಲ ತಿಂಗಳಲ್ಲಿ. ಪಾಶ್ಚಾತ್ಯ ಪಠ್ಯಪುಸ್ತಕಗಳು ವರ್ಣಿಸುವ ಜಲಶೀರ್ಷಕ್ಕೂ ಇದಕ್ಕೂ ಮೂಲದಲ್ಲಿಯೇ ಭೇದವಿದ್ದಿತು.

ವಾರ್ಫ್ ಎರಡು ದಾರಿಗಳನ್ನು ಅರಸಿದರು. ಒಂದು, ಅಗ್ಗದ ಷಂಟ್. ನಮ್ಮ ಉತ್ತರ ಪ್ರದೇಶದಲ್ಲಿ ತಯಾರಾಗುವ ಛಾಬ್ರಾ ಷಂಟನ್ನು ಅಮೆರಿಕದ ಪ್ರಸಿದ್ಧ ಷಂಟ್ ಒಂದರೊಡನೆ 195 ಮಕ್ಕಳಲ್ಲಿ ಹೋಲಿಸಿ ನೋಡಲಾಯಿತು. ಮೊದಲನೆಯದರ ಬೆಲೆ ಸುಮಾರು 35 ಡಾಲರು, ಎರಡನೆಯದರದು ಸುಮಾರು 650. ಒಂದು ವರ್ಷದ ಕೊನೆಯಲ್ಲಿ ಫಲಿತಾಂಶದಲ್ಲಿ ಗಣನೀಯ ಭೇದ ಕಾಣಲಿಲ್ಲ. ಬೆಲೆಯಿಂದಲೇ ಗುಣವನ್ನು ಅಳೆಯುವ ಅಭ್ಯಾಸ ವೈದ್ಯರಲ್ಲಿಯೂ ಇಲ್ಲದಿಲ್ಲವಾದುದರಿಂದ ಇಂತಹ ಸರಳ ಪರೀಕ್ಷೆಗಳ ಮಹತ್ವ ದೊಡ್ಡದು.

ಎರಡನೆಯ ದಾರಿ, ಷಂಟನ್ನೇ ತಪ್ಪಿಸುವುದು. ಶಿಶುವಿನ ನೆತ್ತಿಯ ಮೆತ್ತನೆಯ ಭಾಗದಿಂದ ಎಂಡೊಸ್ಕೋಪ್ ಎಂಬ ದರ್ಶಕನಾಳವನ್ನು ಒಳಗಿಳಿಸಿ, ಮೂರನೆಯ ಕುಹರದ ತಳದಲ್ಲಿ ರಂಧ್ರ ಮಾಡಿ ದ್ರವಕ್ಕೆ ಹೊಸ ಹಾದಿಯನ್ನು ತೆರೆಯುವುದು ಹಿಂದಿನಿಂದಲೂ ತಿಳಿದಿದ್ದ ವಿಧಾನವೇ. ಆದರೆ ಎಳೆಯ ಶಿಶುಗಳಲ್ಲಿ ಅದು ಹೆಚ್ಚಾಗಿ ಫಲಿಸುತ್ತಿರಲಿಲ್ಲ. ವಾರ್ಫ್ ಅದೇ ವೇಳೆಯಲ್ಲಿ ಕೋರಾಯ್ಡ್ ಜಾಲವನ್ನೂ ಸುಟ್ಟು, ದ್ರವದ ಉತ್ಪತ್ತಿಯನ್ನು ತಗ್ಗಿಸಿದರು. ಒಂದು ವರ್ಷದೊಳಗಿನ ಮಕ್ಕಳಲ್ಲಿ ರಂಧ್ರವೊಂದರಿಂದಲೇ ಶೇಕಡ 47ರಷ್ಟಿದ್ದ ಯಶಸ್ಸು ಈ ಜೋಡಿ ಕ್ರಮದಿಂದ ಶೇಕಡ 66ಕ್ಕೆ ಏರಿತು. ಜಾನ್ ಮುಗಾಂಬಾ ಮೊದಲಾದ ಉಗಾಂಡದ ವೈದ್ಯರೇ ಈ ವಿದ್ಯೆಯನ್ನು ಕರಗತ ಮಾಡಿಕೊಂಡು ಮುಂದುವರಿಸಿದರು. ನನ್ನ ದೃಷ್ಟಿಯಲ್ಲಿ ಯಶಸ್ಸಿನ ಅಂಕಿಗಿಂತ ಇದು ಹೆಚ್ಚಿನ ಸಂಗತಿ.

ಎರಡು ವಿಧಾನಗಳಲ್ಲಿ ಮಿದುಳಿನ ಬೆಳವಣಿಗೆಗೆ ಯಾವುದು ಮೇಲು? ಎಂಬಾಲೆಯಲ್ಲಿಯೇ ಸೋಂಕಿನಿಂದ ರೋಗ ಬಂದ 100 ಶಿಶುಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಿಗೆ ಹಂಚಿ ನಡೆಸಿದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹನ್ನೆರಡು ತಿಂಗಳ ಬಳಿಕ ಬುದ್ಧಿಯ ಬೆಳವಣಿಗೆಯಲ್ಲಿ ಗಣನೀಯ ಅಂತರ ಕಂಡುಬರಲಿಲ್ಲ. ಬಾಸ್ಟನ್ನಿನಲ್ಲಿ ಇದು ಸಮಬಲದ ತೀರ್ಪು ಮಾತ್ರ. ಎಂಬಾಲೆಯಲ್ಲಿ ಹಾಗಲ್ಲ, ಫಲ ಸಮವಾಗಿರುವಲ್ಲಿ, ಕಟ್ಟಿಕೊಳ್ಳಬಹುದಾದ ನಳಿಗೆಯಿಲ್ಲದೆ ಊರಿಗೆ ಮರಳುವುದೇ ಮಗುವಿಗೆ ಲಾಭ.

ಆದರೆ ಸೋಂಕು ಮೊದಲೇ ನಾಶಮಾಡಿದ ಮಿದುಳನ್ನು ಯಾವ ಶಸ್ತ್ರವೂ ಮರಳಿ ತರಲಾರದು. ಆದುದರಿಂದ ಸ್ಟೀವನ್ ಷಿಫ್ ಮೊದಲಾದ ಸಂಶೋಧಕರು ಆ ಸೋಂಕಿನ ಬೆನ್ನು ಹತ್ತಿದರು. ಸಾಮಾನ್ಯ ಪ್ರಯೋಗಶಾಲೆಯ ಕೃಷಿಯಲ್ಲಿ ಕಾಣಿಸಿಕೊಳ್ಳದಿದ್ದ ಪೇನಿಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯವನ್ನು ಅವರು ಆನುವಂಶಿಕ ವಸ್ತುವಿನ ಪರೀಕ್ಷೆಯಿಂದ ಗುರುತಿಸಿ 2020ರಲ್ಲಿ ವರದಿ ಮಾಡಿದರು. ಪರೀಕ್ಷೆಗೆ ಒದಗಿದುದು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಶಿಶುಗಳ ಕುಹರಗಳಿಂದ ತೆಗೆದಿರಿಸಿದ ದ್ರವ.